ಕಾಲೇಜಿಗೆ ರಜೆ ಸಾರುವ ಮುನ್ನ

2022ರ ಆಗಸ್ಟ್ ಕೊನೆಯ ವಾರವನ್ನು ರಾಮನಗರದ ಜನ ಇನ್ನೂ ಮರೆತಿಲ್ಲ. ಎಡೆಬಿಡದೆ ಸುರಿದ ಮಳೆಗೆ ಬಕ್ಷಿ ಕೆರೆಯ ನೀರು ಊರೊಳಕ್ಕೆ ನುಗ್ಗಿತು. ತಗ್ಗಿನ ಬಡಾವಣೆಗಳಲ್ಲಿ ಮನೆಮನೆಗೂ ನೀರು. ಬೆಂಗಳೂರು–ಮೈಸೂರು ಹೆದ್ದಾರಿ ಸಂಗಬಸವನದೊಡ್ಡಿಯ ಹತ್ತಿರ ಹೊಳೆಯಾಯಿತು. ಬಸ್ಸು, ಕಾರು ಅನ್ನದೆ ನೀರಿನಲ್ಲಿ ಸಿಕ್ಕಿಕೊಂಡವು. ಗೌರಿ–ಗಣೇಶ ಹಬ್ಬಕ್ಕೆ ಇನ್ನೆರಡೇ ದಿನ ಇತ್ತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬಂದು ನೋಡಿದರು, ಸುದ್ದಿವಾಹಿನಿಗಳವರು ಬಂದರು, ಶಾಲೆಗಳಿಗೆ ರಜೆ ಸಾರಿದರು. ನೀರು ಇಳಿಯಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ, ಇನ್ನೂ ಬೇಸಿಗೆ ನೆತ್ತಿಗೇರದ ಹೊತ್ತಿನಲ್ಲಿ, ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆಯಾಗಿ ವಾರ ಕಳೆಯುವುದರೊಳಗೆ, ಅದೇ ಸಂಗಬಸವನದೊಡ್ಡಿಯ ಬಳಿ ಒಂದೇ ರಾತ್ರಿಯ ಮಳೆಗೆ ಮತ್ತೆ ನೀರು ನಿಂತಿತು.

ಇಂಥ ದಿನಗಳಲ್ಲಿ ಚಿಕ್ಕ ಮಕ್ಕಳ ಬಗ್ಗೆ ಎಲ್ಲರಿಗೂ ಕಾಳಜಿ ಇರುತ್ತದೆ. ಅಂಗನವಾಡಿ, ಪ್ರಾಥಮಿಕ ಶಾಲೆ, ಪ್ರೌಢಶಾಲೆ ಮುಚ್ಚುತ್ತವೆ, ಮಗು ಮನೆಯಲ್ಲಿ ಉಳಿಯುತ್ತದೆ. ಅದೇ ಮನೆಯ ಅಕ್ಕ, ಬಿ.ಕಾಂ. ಎರಡನೆಯ ವರ್ಷದವಳು, ಏನು ಮಾಡಬೇಕು? ಅವಳಿಗೆ ರಜೆಯೋ ಇಲ್ಲವೋ? ಯಾರನ್ನು ಕೇಳಬೇಕು? ಈ ಜಿಲ್ಲೆಯ ಕಾಲೇಜುಗಳಲ್ಲಿ ಪಾಠ ಹೇಳಿದವನಾಗಿ ಈ ಪ್ರಶ್ನೆಗಳನ್ನು ನಾನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಈವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಅಧಿಕಾರದ ವಿಚಾರ ಹೇಳಿಬಿಡುತ್ತೇನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಮಳೆ, ನೆರೆ ಬಂದಾಗ ಜಿಲ್ಲೆಯ ಶಿಕ್ಷಣ ಸಂಸ್ಥೆಗಳಿಗೆ ರಜೆ ಸಾರುವುದು ಅವರೇ. ಆದರೆ ಆ ಆದೇಶದಲ್ಲಿ ಯಾವ ಸಂಸ್ಥೆಗಳ ಹೆಸರಿದೆ ಎಂಬುದನ್ನು ಕಣ್ಣಿಟ್ಟು ಓದಬೇಕು. 2024ರ ಅಕ್ಟೋಬರ್ 16ರಂದು ಬೆಂಗಳೂರು ನಗರ ಜಿಲ್ಲೆಯಲ್ಲಿ ಮಳೆಯ ಕಾರಣಕ್ಕೆ ಶಾಲೆಗಳಿಗೆ ರಜೆ ಕೊಟ್ಟರು. ಪದವಿ, ಸ್ನಾತಕೋತ್ತರ, ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿಗೆ ಆ ರಜೆ ಇರಲಿಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ ಮಳೆಗಾಲದಲ್ಲಿ ಅಲ್ಲಿನ ಜಿಲ್ಲಾಧಿಕಾರಿಗಳು ರಜೆ ಸಾರುವಾಗ ‘ವೃತ್ತಿಪರ ಕಾಲೇಜುಗಳೂ ಸೇರಿದಂತೆ’ ಎಂದು ಬಿಡಿಸಿ ಹೇಳುವುದು ರೂಢಿ. ಆ ಮೂರು ನಾಲ್ಕು ಪದಗಳಿಂದ ಸಾವಿರಾರು ಮನೆಗಳ ಗೊಂದಲ ತಪ್ಪುತ್ತದೆ. ನಮ್ಮಲ್ಲಿ ಆದೇಶ ಬರಿದೇ ‘ಶಾಲೆ’ ಅಂದಾಗ ಕಾಲೇಜಿನ ಭಾರ ಪ್ರಾಂಶುಪಾಲರ ತಲೆಯ ಮೇಲೆ ಬೀಳುತ್ತದೆ. ದೊಡ್ಡವರಲ್ಲವೆ, ಹದಿನೆಂಟು ತುಂಬಿದೆಯಲ್ಲವೆ, ತಮ್ಮ ಜಾಗ್ರತೆ ತಾವು ನೋಡಿಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ಎಣಿಕೆ. ಹದಿನೆಂಟು ತುಂಬಿದ ಮಾತ್ರಕ್ಕೆ ಹಳ್ಳದ ನೀರು ದಾರಿ ಬಿಡುವುದಿಲ್ಲ.

ನೋಡಿ, ಶಾಲೆಯ ಮಗು ಬಹುಪಾಲು ತನ್ನ ಊರಿನಲ್ಲೋ ಪಕ್ಕದ ಊರಿನಲ್ಲೋ ಓದುತ್ತದೆ. ಕಾಲೇಜಿನವರ ಕತೆ ಬೇರೆ. ಕನಕಪುರದ ಕಾಲೇಜುಗಳಿಗೆ ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ ಕಡೆಯಿಂದ ಬರುತ್ತಾರೆ. ಮಾಗಡಿಗೆ ಕುದೂರು, ತಿಪ್ಪಸಂದ್ರದ ಕಡೆಯಿಂದ. ರಾಮನಗರಕ್ಕೆ ಕೈಲಾಂಚ, ಕೂಟಗಲ್ಲಿನ ಹಳ್ಳಿಗಳಿಂದ. ಬಿಡದಿಯಿಂದಲೂ ಮದ್ದೂರಿನಿಂದಲೂ ರೈಲು ಹತ್ತಿ ಬರುವವರಿದ್ದಾರೆ. ಚನ್ನಪಟ್ಟಣದ ಪಾಲಿಟೆಕ್ನಿಕ್ಕಿಗೆ, ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಬೇರೆ ಬೇರೆ ಜಿಲ್ಲೆಗಳ ಮಕ್ಕಳು ಬಂದು ಹಾಸ್ಟೆಲಿನಲ್ಲಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು, ದೂರದ ಕಾಲೇಜು ಕೈಗೆಟುಕಿತು. ಒಳ್ಳೆಯದೇ ಆಯಿತು. ಹಾಗೆಯೇ, ಮಳೆಯ ದಿನ ದಾರಿಯಲ್ಲಿ ಇರುವ ಹೆಣ್ಣುಮಕ್ಕಳ ಸಂಖ್ಯೆಯೂ ಹೆಚ್ಚಿತು ಅನ್ನುವುದನ್ನು ಕಾಲೇಜುಗಳು ಗಮನಕ್ಕೆ ತಂದುಕೊಳ್ಳಬೇಕು.

ಇನ್ನು ನಮ್ಮ ನೀರಿನ ಸ್ವಭಾವ. ಅರ್ಕಾವತಿ ಹುಟ್ಟುವುದು ನಂದಿ ಬೆಟ್ಟದ ಸೀಮೆಯಲ್ಲಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ ದಾಟಿ, ರಾಮನಗರದ ಮೈಗೆ ತಾಗಿಕೊಂಡು ಹರಿದು, ಕನಕಪುರದ ಕಡೆ ತಿರುಗಿ, ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿನ ಕೊಳಚೆಯನ್ನೂ ಮಳೆನೀರನ್ನೂ ಹೊತ್ತ ವೃಷಭಾವತಿ ದಾರಿಯಲ್ಲಿ ಇದಕ್ಕೇ ಬಂದು ಕೂಡುತ್ತದೆ. ಅಂದರೆ ಕನಕಪುರದಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಮೇಲೆ ಬಿದ್ದ ಮಳೆಗೆ ಹೊಳೆ ಏರಬಹುದು. ಆಕಾಶ ನೋಡಿ ರಜೆಯ ನಿರ್ಧಾರ ಮಾಡುವವರು ಇಲ್ಲಿ ಎಡವುತ್ತಾರೆ. ಚನ್ನಪಟ್ಟಣದ ಕಡೆ ಕಣ್ವ, ಇನ್ನೊಂದು ಅಂಚಿನಲ್ಲಿ ಶಿಂಷಾ. ಇವೆಲ್ಲದರ ನಡುವೆ ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಹಾಗೆ ಹಿರಿಯರು ಕಟ್ಟಿದ ಕೆರೆಗಳು. ವರ್ಷಗಟ್ಟಲೆ ತುಂಬದ ಕೆರೆ ತುಂಬಿದಾಗ ಕೋಡಿಯ ನೀರು ತನ್ನ ಹಳೆಯ ಹಾದಿಯನ್ನೇ ಹುಡುಕುತ್ತದೆ. ಆ ಹಾದಿಯಲ್ಲಿ ಈಗ ಮನೆ ಇದೆ, ಲೇಔಟ್ ಇದೆ, ರಸ್ತೆ ಇದೆ. ರಾಮನಗರದಲ್ಲಿ ಆದದ್ದು ಅದೇ.

ಹೀಗಿರುವಾಗ ಕಾಲೇಜಿನ ಮುಂದೆ ಇರುವ ನಿಜವಾದ ಪ್ರಶ್ನೆ ಕಟ್ಟಡದ್ದಲ್ಲ, ದಾರಿಯದು. ನಮ್ಮ ಬಹುತೇಕ ಕಾಲೇಜು ಕಟ್ಟಡಗಳು ಒಂದು ಮಳೆಯನ್ನು ತಡೆದುಕೊಳ್ಳುತ್ತವೆ. ದಾರಿ ತಡೆದುಕೊಳ್ಳುವುದಿಲ್ಲ. ಆದ್ದರಿಂದ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟು: ತರಗತಿ ನಿಲ್ಲಿಸುವುದು ಒಂದು ಕೆಲಸ, ಗೇಟು ಮುಚ್ಚುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಬೇಗ ಮಾಡಬೇಕು. ಎರಡನೆಯದನ್ನು ಕೊನೆಯ ವಿದ್ಯಾರ್ಥಿಗೆ ದಾರಿಯಾಗುವ ತನಕ ಮಾಡಕೂಡದು.

ಮಧ್ಯಾಹ್ನದ ರಜೆಯ ಬಗ್ಗೆ ಹೇಳುತ್ತೇನೆ. ಬೆಳಿಗ್ಗೆ ತುಂತುರು, ಹನ್ನೊಂದಕ್ಕೆ ಮೋಡ ಕವಿಯುತ್ತದೆ, ಹನ್ನೆರಡಕ್ಕೆ ಹುಯ್ಯಲು ಶುರು. ಸ್ಟಾಫ್ ರೂಮಿನಲ್ಲಿ ಮಾತಾಗುತ್ತದೆ. ಒಂದು ಗಂಟೆಗೆ ಉದ್ದದ ಬೆಲ್. ಎಲ್ಲರೂ ಮನೆಗೆ! ಅಧ್ಯಾಪಕರು ಕಾರು, ಬೈಕು ಹತ್ತುತ್ತಾರೆ. ಅಟೆಂಡರು ಕೊಠಡಿಗಳಿಗೆ ಬೀಗ ಹಾಕುತ್ತಾನೆ. ಒಂದೂವರೆಗೆ ಕಾಲೇಜು ಖಾಲಿ. ಅದೇ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಮೂವತ್ತು ನಲವತ್ತು ಹುಡುಗಿಯರು ಒದ್ದೆಯಾದ ದುಪಟ್ಟಾ ಹಿಂಡಿಕೊಂಡು, ಪುಸ್ತಕದ ಬ್ಯಾಗನ್ನು ಎದೆಗವಚಿ ನಿಂತಿರುತ್ತಾರೆ. ಅವರ ಊರಿನ ಬಸ್ಸು ಇರುವುದು ನಾಲ್ಕೂವರೆಗೆ. ಮಧ್ಯಾಹ್ನದ ಟ್ರಿಪ್ಪು ಅವರ ಊರಿನ ಕ್ರಾಸಿನವರೆಗೆ ಮಾತ್ರ. ಅಲ್ಲಿಂದ ಮೂರು ಕಿಲೋಮೀಟರು ನಡಿಗೆ, ನಡುವೆ ಒಂದು ಹಳ್ಳ. ಮೊಬೈಲಿನಲ್ಲಿ ಚಾರ್ಜಿಲ್ಲ. ಮನೆಯವರಿಗೆ ಮಗಳು ಕಾಲೇಜಿನಲ್ಲಿ ಕ್ಷೇಮವಾಗಿದ್ದಾಳೆ ಎಂಬ ನಂಬಿಕೆ; ಕಾಲೇಜಿಗೆ ಅವಳು ಮನೆ ಸೇರುತ್ತಾಳೆ ಎಂಬ ನಂಬಿಕೆ. ಅವಳು ಎರಡೂ ಕಡೆ ಇಲ್ಲ. ಯಾರೋ ಪರಿಚಯದ ಹುಡುಗ ಬೈಕಿನಲ್ಲಿ ಬಿಡುತ್ತೇನೆ ಅನ್ನುತ್ತಾನೆ, ಇಬ್ಬರು ಹತ್ತುತ್ತಾರೆ. ಈ ದೃಶ್ಯ ನಾನು ಕಣ್ಣಾರೆ ಕಂಡದ್ದು, ಒಂದೇ ಊರಿನಲ್ಲಿ ಅಲ್ಲ.

ಹರಿಯುವ ನೀರಿನ ವಿಚಾರದಲ್ಲಿ ವಿದ್ಯಾರ್ಥಿಗಳಿಗೆ ಕೆಲವು ಅಳತೆಗಳು ಬಾಯಿಪಾಠ ಆಗಿರಬೇಕು. ರಭಸವಾಗಿ ಹರಿಯುವ ಅರ್ಧ ಅಡಿ ನೀರು ದೊಡ್ಡ ಆಳನ್ನೂ ಕೆಡವಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿಯಾದರೆ ಬಹುತೇಕ ವಾಹನಗಳು ಕೊಚ್ಚಿಹೋಗುತ್ತವೆ. ಬೈಕಿನ ಮಾತು ಬಿಡಿ. ನೀರಿನ ಕೆಳಗೆ ರಸ್ತೆ ಇದೆ ಎಂದು ನಾವು ಅಂದುಕೊಳ್ಳುತ್ತೇವೆ. ಮೋರಿ ಕುಸಿದು ರಸ್ತೆ ಹೋಗಿ ಅರ್ಧ ಗಂಟೆಯಾಗಿರಬಹುದು. ಚಪ್ಪಡಿ ಸೇತುವೆ ದಾಟುವ ಸಾಹಸದ ವಿಡಿಯೊ ನೋಡಿ ಬೆಳೆದ ಹುಡುಗರಿಗೆ ಇದನ್ನು ತರಗತಿಯಲ್ಲಿ ನಿಂತು ಹೇಳಬೇಕು. ಹತ್ತು ನಿಮಿಷ ಸಾಕು.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಜಪಾನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಮೊದಲ ದಿನವೇ ಒಂದು ನಿಯಮವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟಿರುತ್ತಾರೆ. ಬೆಳಿಗ್ಗೆ ಇಂತಿಷ್ಟು ಗಂಟೆಗೆ ಚಂಡಮಾರುತದ ಎಚ್ಚರಿಕೆ ಜಾರಿಯಲ್ಲಿದ್ದರೆ, ಅಥವಾ ಇಂಥ ಮಾರ್ಗದ ರೈಲು ನಿಂತಿದ್ದರೆ, ಬೆಳಗಿನ ತರಗತಿ ಇಲ್ಲ. ಇನ್ನಿಷ್ಟು ಗಂಟೆಯೊಳಗೆ ಎಚ್ಚರಿಕೆ ತೆಗೆಯದಿದ್ದರೆ ಮಧ್ಯಾಹ್ನದ ತರಗತಿಯೂ ಇಲ್ಲ. ಗಂಟೆ ಒಂದೊಂದು ಕಡೆ ಒಂದೊಂದು. ಹಾಂಗ್‌ಕಾಂಗಿನಲ್ಲಿ ಹವಾಮಾನ ವೀಕ್ಷಣಾಲಯ 8ನೇ ನಂಬರಿನ ಸಂಕೇತ ಏರಿಸಿತೆಂದರೆ ಶಾಲೆಗಳು ಮುಚ್ಚುತ್ತವೆ. ಯಾರ ಅಪ್ಪಣೆಗೂ ಕಾಯಬೇಕಿಲ್ಲ, ರಜೆಯಾ ಎಂದು ಯಾರನ್ನೂ ಕೇಳಬೇಕಿಲ್ಲ. ನಿಯಮ ಮೊದಲೇ ಗೊತ್ತಿದೆ. ವಿದ್ಯಾರ್ಥಿ ತಾನೇ ಓದಿಕೊಳ್ಳುತ್ತಾನೆ. ಅವರಲ್ಲಿ ದುಡ್ಡಿದೆ, ಯಂತ್ರಗಳಿವೆ, ನಿಜ. ಆದರೆ ಈ ನಿಯಮ ಬರೆಯಲು ಬೇಕಾದದ್ದು ಒಂದು ಹಾಳೆ ಮಾತ್ರ.

ಆ ಹಾಳೆಗೆ ಬೇಕಾದ ಮಾಹಿತಿ ನಮ್ಮಲ್ಲೂ ಇದೆ. ಭಾರತೀಯ ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲೆ ಬಿದ್ದರೆ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೀರಿದ್ದು. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ತನಕ ಮಳೆಮಾಪಕಗಳಿವೆ. ತಾನಾಗಿ ಅಳೆದು ತಾನಾಗಿ ಸುದ್ದಿ ಕಳಿಸುವ ಯಂತ್ರಗಳು. ವರುಣಮಿತ್ರ ಎಂಬ ಅವರ ಸಹಾಯವಾಣಿಗೆ ರೈತರು ಬಿತ್ತನೆಗೆ ಮುಂಚೆ ಫೋನು ಮಾಡಿ ಕೇಳುತ್ತಾರೆ. ಪ್ರಾಂಶುಪಾಲರೂ ಮಾಡಬಹುದು. ಸಿಡಿಲಿಗೆ ‘ಸಿಡಿಲು’ ಎಂಬ ಆ್ಯಪ್ ಇದೆ, ಕೇಂದ್ರದ ‘ದಾಮಿನಿ’ ಇದೆ.

ಆದರೆ ಜಿಲ್ಲೆಯ ಮಟ್ಟದ ಎಚ್ಚರಿಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ಕಾಲೇಜಿಗೆ ಬೇಕಾದದ್ದು ಊರೂರಿನ ಪಟ್ಟಿ. ಪ್ರವೇಶದ ಅರ್ಜಿಯಲ್ಲಿ ನಾವು ಜಾತಿ ಕೇಳುತ್ತೇವೆ, ಆದಾಯ ಕೇಳುತ್ತೇವೆ, ಆಧಾರ್ ಕೇಳುತ್ತೇವೆ. ನೀನು ಕಾಲೇಜಿಗೆ ಯಾವ ದಾರಿಯಲ್ಲಿ ಬರುತ್ತೀಯ ಎಂದು ಕೇಳುವುದಿಲ್ಲ. ಕೇಳಬೇಕು. ಯಾವ ಊರು, ಯಾವ ಬಸ್ಸು, ಆ ಊರಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಬಸ್ಸಿಳಿದ ಮೇಲೆ ಎಷ್ಟು ದೂರ ನಡಿಗೆ, ನಡುವೆ ಹಳ್ಳವೋ ಕೆಳಸೇತುವೆಯೋ ಕಾಡೋ ಇದೆಯೋ. ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಊರುವಾರು ಬರೆಸಿದರೆ ಮಳೆಯ ದಿನ ಯಾರನ್ನು ಮೊದಲು ಕಳಿಸಬೇಕು, ಯಾರನ್ನು ಕಳಿಸಲೇಬಾರದು ಎಂಬುದು ಪುಟ ತಿರುವಿದರೆ ತಿಳಿಯುತ್ತದೆ. ಎನ್‌ಎಸ್‌ಎಸ್ ಘಟಕದ ಹುಡುಗ ಹುಡುಗಿಯರಿಗೆ ವಹಿಸಿದರೆ ಒಂದು ವಾರದ ಕೆಲಸ. ಹಳ್ಳದ ಹೆಸರು, ಮೋರಿಯ ಗುರುತು, ಯಾವ ಮಳೆಗೆ ಯಾವ ದಾರಿ ಕಟ್ಟಾಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ತಾಲ್ಲೂಕು ಕಚೇರಿಗೂ ಗೊತ್ತಿರುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಸಾರಿಗೆ ಸಂಸ್ಥೆಯ ಡಿಪೋಗಳಿವೆ. ಬೆಲ್ ಹೊಡೆಯುವುದಕ್ಕೆ ಮುಂಚೆ ಡಿಪೋ ಮ್ಯಾನೇಜರಿಗೆ ಒಂದು ಫೋನು ಹೋಗಬೇಕು: ಇಂಥ ಊರಿನ ಕಡೆ ನಮ್ಮ ಇಷ್ಟು ಮಕ್ಕಳಿದ್ದಾರೆ, ಬಸ್ಸು ಬಿಡುತ್ತೀರಾ, ಎಷ್ಟು ಹೊತ್ತಿಗೆ? ಉತ್ತರ ಬಂದ ಮೇಲೆ ಬೆಲ್. ಬಸ್ಸಿಲ್ಲ ಅಂದರೆ ಬೆಲ್ ಇಲ್ಲ. ಮಕ್ಕಳು ಗ್ರಂಥಾಲಯದಲ್ಲೋ ಸೆಮಿನಾರ್ ಹಾಲಿನಲ್ಲೋ ಕೂತಿರಲಿ. ಇಬ್ಬರು ಅಧ್ಯಾಪಕರು ಉಳಿಯಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಟೀ ಕಾಯಿಸಲಿ. ಮನೆಗಳಿಗೆ ಫೋನು ಮಾಡಿ ‘ನಿಮ್ಮ ಮಗಳು ಇಲ್ಲೇ ಇದ್ದಾಳೆ, ಬಸ್ಸು ಬರುವವರೆಗೆ ಇರುತ್ತಾಳೆ’ ಎಂದು ಹೇಳಲಿ. ಆ ಒಂದು ಮಾತಿಗೆ ತಂದೆತಾಯಿ ಎಷ್ಟು ಹಗುರಾಗುತ್ತಾರೆ ಅನ್ನುವುದು ಹೇಳಿದವರಿಗೇ ಗೊತ್ತು.

ಈಗ ಸುದ್ದಿ ಮುಟ್ಟಿಸುವ ಸಂಗತಿ. ರಜೆಯ ಆದೇಶ ಬಹಳ ಸಲ ರಾತ್ರಿ ಹತ್ತರ ಮೇಲೆ ಬರುತ್ತದೆ, ಕೆಲವು ಸಲ ಬೆಳಿಗ್ಗೆ ಏಳಕ್ಕೆ. ಕಾಡಂಚಿನ ಊರಿನಿಂದ ಬರುವವರು ಅಷ್ಟು ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದೆವಲ್ಲ ಎಂದು ಕಚೇರಿ ಹೇಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿರುತ್ತದೆ. ಗಾಳಿಮಳೆಗೆ ಕರೆಂಟು ಹೋದರೆ ಚಾರ್ಜೂ ಇಲ್ಲ, ಟವರೂ ಇಲ್ಲ. ಹಾಗಾಗಿ ಗ್ರೂಪಿನ ಜೊತೆಗೆ ಬಾಯಿಂದ ಬಾಯಿಗೆ ಹೋಗುವ ಏರ್ಪಾಡೂ ಬೇಕು. ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಆರಕ್ಕೆ ಜನ ಸೇರುವ ಜಾಗ ಒಂದಿದೆ: ಹಾಲಿನ ಡೈರಿ. ಮಳೆಯಿರಲಿ, ಬಂದ್ ಇರಲಿ, ಹಾಲು ಹಾಕಲು ಮನೆಗೊಬ್ಬರು ಬರಲೇಬೇಕು. ಕಾಲೇಜಿನವರು ಊರಿಗೊಬ್ಬ ವಿದ್ಯಾರ್ಥಿಯನ್ನು ಗೊತ್ತುಮಾಡಿ, ಅವರ ಮೂಲಕ ಡೈರಿಯ ಕಾರ್ಯದರ್ಶಿಗೆ ಸುದ್ದಿ ಮುಟ್ಟಿಸಿದರೆ ಆರೂವರೆಯ ಒಳಗೆ ಊರಿಗೆಲ್ಲ ತಿಳಿಯುತ್ತದೆ. ರೇಡಿಯೊ ಹಾಕಿಕೊಂಡೇ ಹಾಲು ಕರೆಯುವವರು ನಮ್ಮ ಕಡೆ ಈಗಲೂ ಇದ್ದಾರೆ. ಬೆಳಗಿನ ಪ್ರದೇಶ ಸಮಾಚಾರದ ಹೊತ್ತಿಗೆ ಆದೇಶ ಆಕಾಶವಾಣಿಗೆ ಮುಟ್ಟಿದರೆ ಅವರ ಕಿವಿಗೂ ಬೀಳುತ್ತದೆ.

ಸುದ್ದಿಯ ಮಾತೂ ಮುಖ್ಯ. ‘ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ ಮುಂದಿನ ಆದೇಶದವರೆಗೆ ಬೋಧನಾ ಕಾರ್ಯವನ್ನು ಸ್ಥಗಿತಗೊಳಿಸಲಾಗಿದೆ’ ಎಂಬ ಒಕ್ಕಣೆಯಿಂದ ವಿದ್ಯಾರ್ಥಿಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ನಾನಾದರೆ ಹೀಗೆ ಬರೆಸುತ್ತೇನೆ: ‘ನಾಳೆ ಬುಧವಾರ ತರಗತಿ ಇಲ್ಲ. ಟೆಸ್ಟ್ ಮುಂದಕ್ಕೆ ಹೋಗಿದೆ. ಹಾಸ್ಟೆಲಿನವರು ಹಾಸ್ಟೆಲಿನಲ್ಲೇ ಇರಿ, ಊರಿಗೆ ಹೊರಡಬೇಡಿ. ಗೊತ್ತಾಗದೆ ಬಸ್ಸು ಹತ್ತಿದವರು ಕಾಲೇಜಿಗೇ ಬನ್ನಿ, ಬಾಗಿಲು ತೆರೆದಿರುತ್ತದೆ. ಗುರುವಾರದ ವಿಚಾರ ನಾಳೆ ಸಂಜೆ 6 ಗಂಟೆಗೆ ತಿಳಿಸುತ್ತೇವೆ.’ ಕಡೆಯ ವಾಕ್ಯ ಬಹಳ ಬೆಲೆಯದು. ಮುಂದಿನ ಸುದ್ದಿ ಯಾವಾಗ ಎಂದು ಗೊತ್ತಿದ್ದರೆ ಗಾಳಿಮಾತು ಹಬ್ಬುವುದಿಲ್ಲ. ಹಳೆಯ ವರ್ಷದ ರಜೆ ಆದೇಶವನ್ನು ದಿನಾಂಕ ತಿದ್ದಿ ಹರಿಬಿಡುವ ಕಿಡಿಗೇಡಿತನ ಈಚೆಗೆ ಹೆಚ್ಚಾಗಿದೆ. ಅದಕ್ಕೆ ಕಡಿವಾಣ ಬೀಳುವುದೂ ಇದರಿಂದಲೇ.

ಪರೀಕ್ಷೆಯದು ಇನ್ನೂ ಕಠಿಣ. ಕಾಲೇಜಿಗೆ ರಜೆ ಇದ್ದರೂ ವಿಶ್ವವಿದ್ಯಾಲಯದ ಪರೀಕ್ಷೆ ಮುಂದೂಡುವ ಅಧಿಕಾರ ಪ್ರಾಂಶುಪಾಲರಿಗಿಲ್ಲ. ಅದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಿಂದಲೇ ಬರಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಉಯ್ಯಂಬಳ್ಳಿಯ ಮಳೆ ಕಾಣುವುದಿಲ್ಲ. ಈ ಕಚೇರಿ ಆ ಕಚೇರಿಗೆ ಬರೆದು ಉತ್ತರ ಬರುವಷ್ಟರಲ್ಲಿ ಹುಡುಗ ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಸೊಂಟದ ನೀರಿಗೆ ಇಳಿದಿರುತ್ತಾನೆ. ಒಂದು ಪೇಪರ್ ಹೋದರೆ ಒಂದು ವರ್ಷ ಹೋಯಿತು ಎಂಬ ಭಯ ಅವನನ್ನು ನೀರಿಗೆ ಇಳಿಸುತ್ತದೆ. ನೆರೆಯಿಂದ ಬರಲಾಗದವರಿಗೆ ಮರುಪರೀಕ್ಷೆ ಖಂಡಿತ ಇದೆ, ಅದಕ್ಕೆ ತಹಶೀಲ್ದಾರರ ಕಚೇರಿಯ ಅಥವಾ ಗ್ರಾಮ ಪಂಚಾಯಿತಿಯ ಒಂದು ಚೀಟಿ ಸಾಕು ಎಂದು ವಿಶ್ವವಿದ್ಯಾಲಯ ಮೊದಲೇ ಸಾರಿಬಿಟ್ಟರೆ ಆ ಭಯ ಹೋಗುತ್ತದೆ. ಇದನ್ನು ಕುಲಪತಿಗಳಿಗೆ ಕೈಮುಗಿದು ಹೇಳುತ್ತೇನೆ.

ಹಾಜರಿಯದೂ ಇದೇ ಪಾಡು. ಶೇಕಡ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವರ್ಷವಿಡೀ ಹೇಳಿ, ಮಳೆಯ ದಿನ ಮಾತ್ರ ‘ಅವರವರ ಅನುಕೂಲ ನೋಡಿಕೊಂಡು ಬರಲಿ’ ಅಂದರೆ ಯಾರು ನಂಬುತ್ತಾರೆ? ದಾರಿ ಕಟ್ಟಾದ ಊರಿನವರಿಗೆ ಆ ದಿನದ ಹಾಜರಿ ಲೆಕ್ಕಕ್ಕಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಬರೆದು ಸಹಿ ಹಾಕಬೇಕು. ತಪ್ಪಿದ ಪಾಠಗಳನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಕೊಡಬೇಕು. ವರ್ಷಕ್ಕೆ ಇಂತಿಷ್ಟು ದಿನ ಪಾಠ ಆಗಲೇಬೇಕೆಂಬ ಯುಜಿಸಿ ನಿಯಮವೂ ಇದೆ, ಮಕ್ಕಳ ಹಕ್ಕೂ ಇದೆ. ಕೊರೊನಾ ಕಾಲದಲ್ಲಿ ಕಲಿತ ಆನ್‌ಲೈನ್ ಪಾಠವನ್ನು ಮಳೆಯ ದಿನಕ್ಕೂ ಎಳೆದು ತರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮನೆಯೊಳಗೆ ನೀರು ಬಂದಿದೆ, ಕರೆಂಟಿಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಒದ್ದೆ ಸೊಪ್ಪು ಹಾಕಿದರೆ ಹುಳು ಕೆಡುತ್ತದೆಂದು ಮನೆಮಂದಿಯೆಲ್ಲ ಹಿಪ್ಪುನೇರಳೆ ಎಲೆ ಒರೆಸುತ್ತ ಕೂತಿದ್ದಾರೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹೊತ್ತಾದರಂತೂ ಉಸಿರಾಡಲೂ ಬಿಡುವಿಲ್ಲ. ಅಂಥ ದಿನ ಲಾಗಿನ್ ಆಗಲಿಲ್ಲ ಎಂದು ಗೈರುಹಾಜರಿ ಹಾಕುವುದು ಅನ್ಯಾಯ.

ಹಾಸ್ಟೆಲುಗಳನ್ನು ಎಲ್ಲರೂ ಮರೆಯುತ್ತಾರೆ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳು ಕಾಲೇಜಿನ ಆವರಣದಲ್ಲಿ ಇರುವುದಿಲ್ಲ, ಕಾಲೇಜಿನ ಅಧೀನದಲ್ಲೂ ಇರುವುದಿಲ್ಲ. ಕಾಲೇಜು ಮುಚ್ಚಿದರೂ ಹಾಸ್ಟೆಲು ಮುಚ್ಚುವಂತಿಲ್ಲ, ಏಕೆಂದರೆ ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ ಒಂದು ದಿನದ ರಜೆಗೆ ಊರಿಗೆ ಹೋಗಲಾರಳು. ವಾರ್ಡನ್ನರ ಬಳಿ ಎರಡು ದಿನಕ್ಕಾಗುವ ಅಕ್ಕಿ ಬೇಳೆ, ಗ್ಯಾಸು, ಕುಡಿಯುವ ನೀರು, ಟಾರ್ಚು ಇದೆಯೇ? ರಾತ್ರಿ ಯಾರಿಗಾದರೂ ಜ್ವರ ಬಂದರೆ ಯಾವ ವಾಹನ? ರಜೆಯ ಆದೇಶಕ್ಕೆ ಸಹಿ ಹಾಕುವ ಪ್ರಾಂಶುಪಾಲರು ಆಮೇಲೆ ಮಾಡಬೇಕಾದ ಮೊದಲ ಫೋನು ವಾರ್ಡನ್ನರಿಗೆ.

ತರಗತಿ ನಿಲ್ಲಿಸಲು ಮಳೆ ಬಿಟ್ಟರೆ ಬೇರೆ ಕಾರಣಗಳೂ ಇವೆ. ತೆಂಗಿನಕಲ್ಲು, ಕಬ್ಬಾಳು ಅರಣ್ಯದ ಅಂಚಿನಲ್ಲಿ ಆನೆ ಇಳಿದ ಬೆಳಿಗ್ಗೆ ಬಸ್ಸಿಗೆ ನಡೆದು ಬರುವ ಹುಡುಗರ ಎದೆ ಡವಗುಟ್ಟುತ್ತದೆ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ಮನೆಯಿಂದ ಮಗುವನ್ನೇ ಹೊತ್ತೊಯ್ದಿತ್ತು. ಕಾವೇರಿ ನೀರಿನ ಗಲಾಟೆಯಲ್ಲಿ ನಮ್ಮ ಜಿಲ್ಲೆ ಯಾವತ್ತೂ ಮುಂಚೂಣಿಯಲ್ಲಿದೆ. 2016ರ ಸೆಪ್ಟೆಂಬರಿನಲ್ಲೂ 2023ರ ಸೆಪ್ಟೆಂಬರಿನಲ್ಲೂ ಬಂದ್ ಬಂತು, ಹೆದ್ದಾರಿ ಬಂದಾಯಿತು. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಸಿಡಿಲಿನ ಕಾಟ. ಆಟದ ಮೈದಾನದಲ್ಲಿ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಬೇಕು, ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಯಾರೂ ಮೈದಾನಕ್ಕೆ ಇಳಿಯಬಾರದು, ಮರದಡಿ ನಿಲ್ಲಬಾರದು. ಇವಕ್ಕೆಲ್ಲ ಬೇರೆ ಬೇರೆ ಯೋಜನೆ ಬೇಡ. ಮೊದಲು ಹೇಳಿದ ದಾರಿಯ ರಿಜಿಸ್ಟರು, ಡಿಪೋದ ಫೋನು, ತೆರೆದ ಬಾಗಿಲು, ಇಷ್ಟೇ ಎಲ್ಲಕ್ಕೂ ಒದಗುತ್ತವೆ.

ಮತ್ತೆ ತೆರೆಯುವ ದಿನ ಅವಸರ ಬೇಡ. ನೆಲಮಹಡಿಗೆ ನೀರು ಬಂದಿದ್ದರೆ ಮೇನ್ ಸ್ವಿಚ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್ ನೋಡಬೇಕು. ನೆನೆದ ಕಾಂಪೌಂಡ್ ಗೋಡೆ ಮಳೆ ನಿಂತು ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು. ಸಂಪು, ಟ್ಯಾಂಕು ತೊಳೆಸಿ ಕ್ಲೋರಿನ್ ಹಾಕಿಸಬೇಕು. ರಸಾಯನಶಾಸ್ತ್ರದ ಲ್ಯಾಬು ಮತ್ತು ಗ್ರಂಥಾಲಯ ನೆಲಮಹಡಿಯಲ್ಲೇ ಇರುವ ಕಾಲೇಜುಗಳು ಬೇಸಿಗೆಯಲ್ಲೇ ಅವನ್ನು ಮೇಲಕ್ಕೆ ಸಾಗಿಸುವ ಯೋಚನೆ ಮಾಡುವುದು ಒಳ್ಳೆಯದು. ಇದೆಲ್ಲ ಗೊತ್ತಿರುವ ಮಾತೇ. ಮಾಡುವವರು ಕಡಿಮೆ. ಕನಕಪುರದಂಥ ಊರಿನಲ್ಲಿ ಎಸ್. ಕರಿಯಪ್ಪನವರಂಥವರು ಹಳ್ಳಿಯ ಮಕ್ಕಳಿಗಾಗಿ ಕಾಲೇಜು ಕಟ್ಟಿದರು. ಆ ಮಕ್ಕಳನ್ನು ಕ್ಷೇಮವಾಗಿ ಮನೆ ಮುಟ್ಟಿಸುವುದೂ ಆ ಕೆಲಸದ ಭಾಗ ಅಂತಲೇ ನಾನು ತಿಳಿದಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಾಲೇಜುಗಳ ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದೇ. ಮುಂದಿನ ಮಳೆಗೆ ಕಾಯಬೇಡಿ, ಈ ತಿಂಗಳೇ ದಾರಿಯ ರಿಜಿಸ್ಟರು ಬರೆಸಿ. ವಿದ್ಯಾರ್ಥಿಗಳೇ, ಅವರು ಬರೆಸದಿದ್ದರೆ ನೀವೇ ಬರೆದು ತೆಗೆದುಕೊಂಡು ಹೋಗಿ ಮೇಜಿನ ಮೇಲಿಡಿ. ಪೋಷಕರೆ, ರಜೆ ಎಂದು ಯಾರೋ ಹೇಳಿದರೆ ‘ಬಸ್ಸು ಎಷ್ಟಕ್ಕೆ, ಅಲ್ಲಿಯವರೆಗೆ ನನ್ನ ಮಗಳು ಎಲ್ಲಿರುತ್ತಾಳೆ’ ಎಂದು ಕಾಲೇಜಿಗೆ ಫೋನು ಮಾಡಿ ಕೇಳಿ, ಸಂಕೋಚ ಬೇಡ. ದಾರಿಯಲ್ಲಿ ಸಿಕ್ಕಿಕೊಂಡವರು ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ 112.